ಹಗೇವಿನ ಅಂಚಿನ ರಾಗಿ

ಹೋದ ತಿಂಗಳು ಪಕ್ಕದ ಮನೆಯವರು ಹಿತ್ತಲಲ್ಲಿ ಹೊಸ ಮನೆಗೆ ಪಾಯ ತೆಗೆಸುತ್ತಿದ್ದರು. ಬೆಳಗಿನಿಂದ ಗುಡುಗುತ್ತಿದ್ದ ಜೆಸಿಬಿ ಇದ್ದಕ್ಕಿದ್ದಂತೆ ನಿಂತಿತು. ಹೋಗಿ ನೋಡಿದರೆ ನೆಲ ಕುಸಿದು ಆಳುದ್ದದ ತೂತು ಬಿದ್ದಿತ್ತು. ಡ್ರೈವರ್ ಇಳಿದು ಬಂದು, "ಅಜ್ಜಿ, ಇದೇನು ಹಳೇ ಬಾವಿಯಾ?" ಎಂದು ಕೇಳಿದ. ಬಾವಿಯಲ್ಲಪ್ಪ, ಹಗೇವು ಎಂದೆ. ಅವನು ಆ ಮಾತನ್ನೇ ಕೇಳಿರಲಿಲ್ಲ. ನೆಲದೊಳಗೆ ಗುಡಾಣದ ಹಾಗೆ ತೋಡಿ, ಸುತ್ತ ಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಎಷ್ಟೋ ವರ್ಷ ರಾಗಿ ಕೆಡದೆ ಇರುತ್ತಿತ್ತು ಎಂದು ಹೇಳುತ್ತಿದ್ದ ಹಾಗೇ ಆ ತೂತಿನಿಂದ ವಾಸನೆ ಎದ್ದು ಬಂತು. ಹಳೇ ಹುಲ್ಲಿನ, ತೇವದ, ಮುಗ್ಗಲು ಹಿಡಿದ ರಾಗಿಯ ವಾಸನೆ. ಮಾತು ಅಲ್ಲಿಗೇ ನಿಲ್ಲಿಸಿ ಒಳಗೆ ಬಂದು ಕೂತೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವುದು ರೂಢಿಯಿಲ್ಲ. ತಪ್ಪಿದ್ದ ಕಡೆ ಓದುವವರೇ ಸರಿಮಾಡಿಕೊಳ್ಳಬೇಕು. ಆದರೆ ಆ ವರ್ಷದ ವಿಷಯ ಬರೆಯದಿದ್ದರೆ ಇನ್ನು ಬರೆಯುವ ಕಾಲ ನನಗಿಲ್ಲ.

ನಮ್ಮೂರು ತುರುವೇಕೆರೆ ತಾಲ್ಲೂಕಿನದು, ಸಂಪಿಗೆ ಎಂಬ ಊರಿನಿಂದ ದೂರವಿಲ್ಲ. ನಾನೂ ನನ್ನ ತಂಗಿ ಶಾಂತಳೂ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಆ ಮನೆಯ ಅಣ್ಣನಿಗೆ ನನ್ನನ್ನು ಕೊಟ್ಟಿದ್ದರು, ಹನ್ನೆರಡು ವರ್ಷ ಕಳೆದ ಮೇಲೆ ತಮ್ಮನಿಗೆ ಅವಳನ್ನು ಕೊಟ್ಟರು. ಅವಳು ಹುಟ್ಟಿದಾಗ ತೊಟ್ಟಿಲು ತೂಗಲು ಜನವಿಲ್ಲವೆಂದು ನನ್ನನ್ನು ಸ್ಕೂಲು ಬಿಡಿಸಿದ್ದರು. ಅವಳು ದಿನಾ ನಡೆದು ಹೋಗಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಅವಳ ಪುಸ್ತಕಕ್ಕೆ ಬೈಂಡು ಹಾಕಿ ಕೊಡುತ್ತಿದ್ದವಳು ನಾನೇ. ಅದರಲ್ಲಿ ನನಗೆ ಸಂತೋಷವೂ ಇತ್ತು, ಒಂದು ಸಣ್ಣ ಮುಳ್ಳೂ ಇತ್ತು. ಮುಳ್ಳಿನ ವಿಷಯ ಮುಂದೆ ಬರುತ್ತದೆ.

ಎಂಬತ್ತರ ದಶಕ ಇನ್ನೂ ಹೊಸದು. ಹಿಂದಿನ ವರ್ಷ ಹಸ್ತ, ಚಿತ್ತ ಎರಡೂ ಮಳೆ ಬಾರದೆ ರಾಗಿ ತೆನೆಗಟ್ಟದೆ ಒಣಗಿತ್ತು. ತೆಂಗಿನ ಮರಗಳು ಹರಳು ಉದುರಿಸುತ್ತಿದ್ದವು. ಬೆಳಿಗ್ಗೆ ತೋಟಕ್ಕೆ ಹೋದರೆ ಅಡಿಕೆಯಷ್ಟು ಗಾತ್ರದ ಎಳೇ ಪೀಚುಗಳು ಕಾಲಿಗೆ ಸಿಗುತ್ತಿದ್ದವು. ಆದರೂ ತೋಟವಿದ್ದ ನಮ್ಮಂಥವರ ಮನೆಯಲ್ಲಿ ಅಟ್ಟದ ಮೇಲೆ ಕೊಬ್ಬರಿಗಿಟ್ಟ ಕಾಯಿ ಇತ್ತು, ನೆಲದಡಿ ಹಗೇವಿತ್ತು. ಅಟ್ಟವೂ ಇಲ್ಲದ ಹಗೇವೂ ಇಲ್ಲದ ಮನೆಗಳಿಗೆ ಕೂಲಿಯೇ ಗತಿ. ಸುಲಿಯಲು ಕಾಯಿಲ್ಲ, ಕೊಯ್ಯಲು ಹೊಲವಿಲ್ಲ, ಇನ್ನು ಕೂಲಿ ಎಲ್ಲಿಂದ?

ಊರಲ್ಲಿ ಒಂದು ಮಹಿಳಾ ಮಂಡಳಿ ಇತ್ತು. ಒಂದು ಹೊಲಿಗೆ ಮಿಷನ್ನು, ಶುಕ್ರವಾರದ ಭಜನೆ, ಅಷ್ಟೇ ಅದರ ಕೆಲಸ. ಶಾಂತ ಅದಕ್ಕೆ ಕಾರ್ಯದರ್ಶಿ. ಜ್ಯೇಷ್ಠ ಮಾಸದ ಒಂದು ಬೆಳಿಗ್ಗೆ ಸ್ಕೂಲಿನ ಹೆಡ್‌ಮೇಷ್ಟರು ನಮ್ಮ ಜಗಲಿಗೆ ಬಂದು ಕೂತರು. ಕೂತವರೇ ಹೇಳಿದರು: "ಪ್ರಾರ್ಥನೆಗೆ ನಿಂತ ಮಕ್ಕಳು ಅಲ್ಲಲ್ಲೇ ಕೂತುಬಿಡ್ತವೆ ಶಾಂತಮ್ಮ. ಇವತ್ತು ಮೂರು ಮಕ್ಕಳು ಕೂತವು. ಯಾಕ್ರೋ ಅಂದ್ರೆ, ನೆನ್ನೆಯಿಂದ ಹಿಟ್ಟಿಲ್ಲ ಸಾರ್ ಅಂತವೆ."

ಶಾಂತ ಕೈಯಲ್ಲಿದ್ದ ಕಾಫಿ ಲೋಟ ಅವರಿಗೆ ಕೊಡುವುದನ್ನೂ ಮರೆತು ನಿಂತಳು. ಮೇಷ್ಟರು ಹೋದ ಕೂಡಲೇ ಏಣಿ ತಂದು ಅಟ್ಟಕ್ಕೆ ಆನಿಸಿದಳು.

ನಮ್ಮ ಕಡೆ ಅಟ್ಟದ ಕಾಯಿ ಅಂದರೆ ಮುಟ್ಟುವಂತಿಲ್ಲ. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಇದ್ದು, ಒಳಗಿನ ನೀರು ಬತ್ತಿ, ಉಂಡೆ ಕೊಬ್ಬರಿಯಾಗಿ, ತಿಪಟೂರಿನ ಸಂತೆಗೆ ಹೋಗಬೇಕು. ಅಡುಗೆಗೆ ಬಳಸುವುದು ಬಿದ್ದ ಕಾಯಿ, ಒಡೆದ ಕಾಯಿ. ಮನೆ ಮಗಳ ಬಾಣಂತನಕ್ಕೂ ಅಟ್ಟದಿಂದ ಇಳಿಸುತ್ತಿರಲಿಲ್ಲ. ಅತ್ತೆ ಹಿತ್ತಲಿನಿಂದಲೇ ಏಣಿಯ ಸದ್ದು ಗುರುತು ಹಿಡಿದರು.

"ಯಾರೇ ಅದು ಅಟ್ಟಕ್ಕೆ ಏಣಿ ಹಾಕಿದ್ದು?"

"ನಾನು ಅತ್ತೆ. ಒಂದು ಕಾಯಿ ತಗೀತೀನಿ, ಮಂಡಳಿಗೆ."

"ಕೊಬ್ಬರಿ ಆಗೋ ಕಾಯಿಗೆ ಕೈ ಹಾಕ್ತಾರೇನೆ? ತೋಟದಾಗೆ ಬಿದ್ದಿರೋದು ತಗೋ ಹೋಗು."

"ಈ ವರ್ಷ ಬೀಳಾಕೆ ಮರದಾಗೇ ಇಲ್ವಲ್ಲ ಅತ್ತೆ."

"ಹತ್ತಬೇಡ ಅಂದೆ."

"ಹತ್ತಿ ಆಯ್ತು ಅತ್ತೆ."

ಅತ್ತೆ ಓಡಿ ಬಂದು ಏಣಿ ಹಿಡಿದುಕೊಂಡರು. ಮೇಲೆ ಕತ್ತಲಲ್ಲಿ ಕಾಯಿಗಳು ಗುಡುಗುಡು ಉರುಳುವ ಸದ್ದು. ಶಾಂತ ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸಿ, ಇನ್ನೂ ನೀರಿರುವುದನ್ನು ಆರಿಸುತ್ತಿದ್ದಳು. "ಒಂದೇ ಕಣೆ," ಎಂದರು ಅತ್ತೆ, "ಎರಡನೇದಕ್ಕೆ ಕೈ ಹಾಕಿದ್ರೆ ಏಣಿ ತೆಗೆದುಬುಡ್ತೀನಿ, ಅಲ್ಲೇ ಕೊಬ್ಬರಿ ಆಗು." ನಾನು ನಕ್ಕಿದ್ದು ನೋಡಿ ಅತ್ತೆಗೂ ನಗು ಬಂತು. ಆ ನಗುವಿನಲ್ಲೇ ಶಾಂತ ಗೆದ್ದಳು.

ಆ ಕಾಯಿಯನ್ನು ಸೊಂಟದ ಮೇಲಿಟ್ಟುಕೊಂಡು ಅವಳು ಮನೆ ಮನೆ ಸುತ್ತಿದಳು. ನಾನೂ ಹಿಂದೆ ಹೋದೆ. "ನಮ್ಮತ್ತೆ ಅಟ್ಟದ ಕಾಯಿ ಕೊಟ್ಟವ್ರೆ, ನಿಮ್ಮನೇಲಿ ಏನು ಕೊಡ್ತೀರಿ?" ಎಂದು ಕೇಳುವುದು ಅವಳ ಉಪಾಯ. ನಮ್ಮತ್ತೆ ಅಟ್ಟದ ಕಾಯಿ ಕೊಟ್ಟರೆಂಬ ಸುದ್ದಿ ನಂಬದೆ, ಆ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದವರೇ ಹೆಚ್ಚು. ನಂಬಿದ ಮೇಲೆ ಸುಮ್ಮನಿರಲಾರದೆ ಅವರೂ ಒಂದು ಇಳಿಸಿದರು. ಮಧ್ಯಾಹ್ನದೊಳಗೆ ಸ್ಕೂಲಿನ ಜಗಲಿಯ ಮೇಲೆ ಕಾಯಿಯ ಗುಡ್ಡೆ ಬಿತ್ತು. ಪ್ರತಿ ಸೋಮವಾರ ಪ್ರತಿ ಮನೆಯಿಂದ ಕೈಲಾದಷ್ಟು ರಾಗಿ ಎಂದೂ ಮಾತಾಯಿತು. ಯಾರ ಮನೆಯಿಂದ ಎಷ್ಟು ಎಂದು ಕೇಳಕೂಡದು. ಬಂದದ್ದನ್ನೆಲ್ಲ ಒಂದೇ ತಗಡಿನ ಡ್ರಮ್ಮಿಗೆ ಸುರಿದು ಹಿಟ್ಟಿನ ಮಿಷನ್ನಿಗೆ ಕಳಿಸುವುದು.

ಮೊದಲ ದಿನದ ಬೆಳಿಗ್ಗೆಯನ್ನು ಹೇಗೆ ಹೇಳಲಿ. ಸೌದೆಗೆಂದು ಮೇಷ್ಟರು ಒಂದೊಂದು ಮಗುವಿಗೆ ಒಂದೊಂದು ತೆಂಗಿನ ಗರಿ ತರಲು ಹೇಳಿದ್ದರು. ಎಂಟು ಗಂಟೆಗೆ ಎಲ್ಲ ಬೀದಿಗಳಿಂದಲೂ ಮಕ್ಕಳು ತಮ್ಮ ಮೂರು ಪಾಲು ಉದ್ದದ ಒಣ ಗರಿಗಳನ್ನು ನೆಲದ ಮೇಲೆ ಎಳೆದುಕೊಂಡು ಹೊರಟರು. ಊರಿಗೆ ಊರೇ ಸರಸರ ಸದ್ದು. ಧೂಳು ಎದ್ದು ಬಿಸಿಲಿನಲ್ಲಿ ಹೊನ್ನಿನ ಹಾಗೆ ಕಾಣುತ್ತಿತ್ತು. ಮದುವೆ ದಿಬ್ಬಣಕ್ಕೂ ಹಾಗೆ ಜನ ಬಾಗಿಲಿಗೆ ಬಂದು ನಿಂತದ್ದನ್ನು ನಾನು ಕಂಡಿಲ್ಲ.

ಹಿಟ್ಟು ತೊಳಸಲು ಕೆಂಚಜ್ಜಿ ಬಂದಳು. ಎಂಬತ್ತರ ಹತ್ತಿರದ ಮುದುಕಿ, ಹಿಟ್ಟಿನ ಕೋಲು ಹಿಡಿದರೆ ಇಪ್ಪತ್ತರವಳು. ಹರಿವಾಣದಷ್ಟು ಅಗಲದ ಬಾಯಿಯ ಪಾತ್ರೆಗೆ ಎರಡು ಕಾಲನ್ನೂ ಆನಿಸಿ ಕೂತು, "ಬಿಡ್ರೇ ದಾರಿ, ಗಂಟು ಕಟ್ಟಿದ್ರೆ ನಿಮ್ಮ ಮಂಡಳಿ ಮಾನ ಹೋದಾತು" ಎಂದು ಬೈಯುತ್ತಾ ತೊಳಸಿದಳು. ಹುರುಳಿಕಾಳಿನ ಸಾರಿಗೆ ಅಟ್ಟದ ಕಾಯಿ ತುರಿದು ಹಾಕಿದೆವು. ಅರ್ಧ ಕೊಬ್ಬರಿಯಾದ ಆ ಕಾಯಿಯ ಸಿಹಿ ಸಾರಿಗೆಲ್ಲ ಇಳಿದು, ಮಕ್ಕಳು ಬೆರಳು ಬಿಡದೆ ನೆಕ್ಕಿದವು. ಮೇಷ್ಟರು ಮುಖ ಆ ಕಡೆ ಮಾಡಿಕೊಂಡು ಕನ್ನಡಕ ಒರೆಸುತ್ತಾ ನಿಂತಿದ್ದರು. ಮಕ್ಕಳ ಹಿಂದೆ ತಾಯಂದಿರು ಬಂದರು, ನಾಲ್ಕನೇ ದಿನಕ್ಕೆ ಮುದುಕರೂ ಬಂದರು. ಬೇಡ ಅನ್ನುವ ಮಾತೇ ಇರಲಿಲ್ಲ. ಬೆಳಿಗ್ಗೆ ಎದ್ದರೆ ನನಗೆ ಮೈಯಲ್ಲಿ ಹುರುಪು. ಮದುವೆಯಾಗಿ ಹದಿನಾಲ್ಕು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದವಳು ಈಗ ಊರಿನ ಒಲೆಯ ಮುಂದೆ ಕೂರುತ್ತಿದ್ದೆ.

ಉಣ್ಣಲು ಬರುತ್ತಿದ್ದವರಲ್ಲಿ ರಂಗಮ್ಮ ಒಬ್ಬಳು. ಕೊಬ್ಬರಿ ಸುಲಿಯುವುದರಲ್ಲಿ ಅವಳಂಥವರು ಸುತ್ತಿನಲ್ಲಿ ಇರಲಿಲ್ಲ. ಮಚ್ಚಿನ ತುದಿಯಲ್ಲಿ ಕುಟ್ಟಿ ಕುಟ್ಟಿ ಕರಟ ಬಿಡಿಸಿದರೆ ಉಂಡೆಗೆ ಒಂದು ಗೀರು ಬೀಳುತ್ತಿರಲಿಲ್ಲ. ಗಂಡ ಕೆಲಸ ಹುಡುಕಿಕೊಂಡು ಅಮ್ಮಸಂದ್ರದ ಕಡೆ ಹೋಗಿದ್ದ, ವಾರಕ್ಕೋ ಹದಿನೈದು ದಿನಕ್ಕೋ ಬಂದು ಹೋಗುತ್ತಿದ್ದ. ಮಗಳು ಗೌರಿ ನಾಲ್ಕನೇ ಕ್ಲಾಸು. ದುಂಡಗಿನ ಅಕ್ಷರ ಅವಳದು. ರಾಗಿ ಕೊಟ್ಟ ಮನೆಗಳ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಕೆಲಸ ಮೇಷ್ಟರು ಅವಳಿಗೇ ಕೊಟ್ಟಿದ್ದರು. ರಂಗಮ್ಮ ಸೋಮವಾರ ಬಂದವಳು ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ರಾಗಿಯನ್ನು ಡ್ರಮ್ಮಿಗೆ ಹಾಕುತ್ತಿದ್ದಳು.

"ಉಣ್ಣಾಕೆ ಬರೋಳು ನೀನ್ಯಾಕೆ ತತ್ತೀಯ?" ಎಂದು ನಾನೇ ಕೇಳಿದ್ದೆ.

"ಸುಮ್ಕೆ ಉಂಡ್ರೆ ಹೊಟ್ಟೆಗೆ ಹತ್ತಲ್ಲ ಅಮ್ಮಾರೆ," ಎಂದಿದ್ದಳು.

ಗೌರಿ ಬೋರ್ಡಿನ ಮೇಲೆ ಎಲ್ಲರ ಕೊನೆಗೆ "ರಂಗಮ್ಮ" ಎಂದು ಬರೆದು, ಆ ಒಂದು ಹೆಸರಿನ ಕೆಳಗೆ ಮಾತ್ರ ಹೂವಿನ ಗೆರೆ ಎಳೆಯುತ್ತಿದ್ದಳು.

ಆಷಾಢ ಹೀಗೇ ಕಳೆಯಿತು. ಶ್ರಾವಣಕ್ಕೆ ಬಂದಾಗ ಮನೆಗಳ ಕೈ ಸಣ್ಣದಾಯಿತು. ಬಳ್ಳ ಕೊಡುತ್ತಿದ್ದವರು ಸೇರಿಗೆ ಇಳಿದರು, ಸೇರಿನವರು ಬಾಗಿಲು ಮುಂದೆ ಮಾಡಿದರು. ಒಂದು ಭಾನುವಾರ ಮಂಡಳಿಯ ಹೆಂಗಸರೆಲ್ಲ ಡ್ರಮ್ಮಿನ ತಳ ನೋಡುತ್ತಾ ನಿಂತಿದ್ದಾಗ ಶಾಂತ ಹೇಳಿಬಿಟ್ಟಳು: "ನಾಳೆ ನಮ್ಮನೇದು ನಾಲ್ಕು ಕೊಳಗ. ನಮ್ಮ ಹಗೇವು ತೆಗೀತಾ ಅವ್ರೆ." ನಾಲ್ಕು ಕೊಳಗ ಅಂದರೆ ಇಬ್ಬರು ಆಳು ಹೊರುವಷ್ಟು. ಎಲ್ಲರೂ ಅವಳ ಕೈ ಹಿಡಿದುಕೊಂಡರು. ಒಬ್ಬಳಂತೂ, "ಶಾಂತಮ್ಮ, ನೀನಿಲ್ದಿದ್ರೆ ಈ ಊರು ಉಳೀತಿರ್ಲಿಲ್ಲ ಕಣವ್ವ," ಎಂದು ಕಣ್ಣೀರು ಹಾಕಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ರಾಗಿಯ ಬೀಗದ ಕೈ ನನ್ನ ಸೊಂಟದಲ್ಲಿತ್ತು. ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದು ಆ ಹಳೇ ಮುಳ್ಳು ಅಲುಗಾಡಿತು.

ನಮ್ಮ ಹಗೇವಿನ ಬಾಯಿ ತೆರೆದು ಎರಡು ದಿನವಾಗಿತ್ತು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಬಿಟ್ಟು, ಹಗ್ಗದಲ್ಲಿ ಲಾಂದ್ರ ಇಳಿಸಿ, ದೀಪ ಆರದೆ ಉರಿಯುತ್ತದೆಂದು ನೋಡಿ, ಆಮೇಲೆ ಆಳು ಇಳಿದಿದ್ದ. ನಡುವಿನ ರಾಗಿ ನಿನ್ನೆ ತುಂಬಿದ ಹಾಗಿತ್ತು. ಗೋಡೆಗೆ ತಾಗಿದ ಅಂಚಿನ ರಾಗಿ ಮಾತ್ರ ತೇವ ಕುಡಿದು ಕಪ್ಪಾಗಿ ಮುಗ್ಗಲು ಹಿಡಿದಿತ್ತು. ಎಲ್ಲ ಹಗೇವಿನಲ್ಲೂ ಹೀಗೇ. ಅಂಚಿನದನ್ನು ಬೇರೆ ತೆಗೆದಿಟ್ಟು, ಬಿಸಿಲಿಗೆ ಹಾಕಿ, ದನಕ್ಕೂ ಕೂಲಿಯವರಿಗೂ ಕೊಡುವುದು ದೊಡ್ಡ ಮನೆಗಳ ರೂಢಿ. ನಮ್ಮತ್ತೆಯೂ ಕೊಡುತ್ತಿದ್ದರು. ಯಾರೂ ಅದನ್ನು ತಪ್ಪು ಅಂದುಕೊಂಡಿರಲಿಲ್ಲ. ಕೂಲಿಯವರು ಏನಂದುಕೊಂಡಿದ್ದರೋ ಯಾರೂ ಕೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಅಳೆದು ಹಾಕಿದ ನಾಲ್ಕು ಕೊಳಗದಲ್ಲಿ ಮೂರು ಅಂಚಿನ ರಾಗಿ. ಮೇಲೆ ಒಂದು ಕೊಳಗ ಒಳ್ಳೆಯದು ಹರಡಿದೆ. ಅತ್ತೆ ಹೇಳಲಿಲ್ಲ, ಗಂಡ ಹೇಳಲಿಲ್ಲ, ನಾನೇ ಮಾಡಿದೆ. ಬಿಸಿಲಲ್ಲಿ ಒಣಗಿದ್ದರಿಂದ ಮೂಗಿಗೆ ಏನೂ ಹೊಡೆಯಲಿಲ್ಲ. ಹೇಗೂ ಕೂಲಿ ಜನ ಉಣ್ಣುವ ರಾಗಿಯೇ ತಾನೇ, ಅವರೇ ತಾನೇ ಉಣ್ಣುವುದು, ಎಂದು ನನಗೆ ನಾನೇ ಹೇಳಿಕೊಂಡೆ. ನಮ್ಮ ಮಕ್ಕಳಿಗೆ ನಡುವಿನದು ಉಳಿಯಲಿ ಎಂದುಕೊಂಡೆ. ಕೊಡುತ್ತೇನೆಂದು ಜಂಬ ಕೊಚ್ಚಿದವಳು ಅವಳು, ಅಳೆಯುವವಳು ನಾನು, ಎಂದೂ ಅಂದುಕೊಂಡೆ. ಇದೆಲ್ಲ ನಿಜವಾಗಿ ಅಂದುಕೊಂಡಿದ್ದೇ, ಒಂದನ್ನೂ ಬಿಡದೆ ಬರೆದಿದ್ದೇನೆ.

ಹಿಟ್ಟಾಗಿ ಬಂದಾಗಲೂ ಗೊತ್ತಾಗಲಿಲ್ಲ. ಕುದಿಯುವ ಎಸರಿಗೆ ಬಿದ್ದು ಬೆಂದ ಮೇಲೆ ಕೆಂಚಜ್ಜಿ ಮುಚ್ಚಳ ತೆಗೆದಳು, ಮುಖ ಹಿಂದಕ್ಕೆಳೆದುಕೊಂಡಳು. ಆದರೂ ತೊಳಸಿದಳು. ಮುದ್ದೆ ಎಲೆಗೆ ಬಿತ್ತು. ಮಕ್ಕಳು ಒಂದು ತುತ್ತು ನುಂಗಿ ಪಕ್ಕದವರ ಮುಖ ನೋಡಿದವು. ಕಹಿ, ನೆಲಮಾಳಿಗೆಯ ವಾಸನೆ. ಬೆಳಿಗ್ಗೆಯಿಂದ ಏನೂ ಇಲ್ಲದ ಮಕ್ಕಳು ಮುದ್ದೆಯನ್ನು ಎಲೆಯಲ್ಲೇ ಬಿಟ್ಟು ಕೂತದ್ದನ್ನು ಆ ದಿನ ನೋಡಿದೆ. ಒಬ್ಬ ಮುದುಕ ಎದ್ದು ನಿಂತು, "ಇಲ್ಲದೋರು ನಿಜ ಕಣ್ರವ್ವ, ದನ ಅಲ್ಲ," ಎಂದು ಹೇಳಿ ಹೊರಟುಹೋದ. ಡ್ರಮ್ಮಿನಲ್ಲಿ ಇದ್ದದ್ದೆಲ್ಲ ಒಂದೇ ಹಿಟ್ಟು. ಒಂದು ವಾರದ್ದು.

ಶಾಂತಳ ಮುಖದಲ್ಲಿ ರಕ್ತವಿರಲಿಲ್ಲ. ಬೋರ್ಡಿನ ಮೇಲಿದ್ದ ಹೆಸರುಗಳನ್ನು ಒಂದೊಂದಾಗಿ ಕೂಗಿ ಕೇಳಿದಳು. ಎಲ್ಲರೂ ತಮ್ಮದು ಒಳ್ಳೆಯದೆಂದರು. ನನ್ನ ಕಡೆ ತಿರುಗಿದಳು.

"ಅಕ್ಕಯ್ಯ, ನಮ್ಮನೇದು ಸರಿಯಾಗಿತ್ತಲ್ಲ?"

"ಹಗೇವಿನ ನಡುಮಧ್ಯದ್ದು ಕಣೆ," ಎಂದೆ.

ಅಷ್ಟೇ ಸಾಕಾಯಿತು ಅವಳಿಗೆ. ಉಳಿದದ್ದು ಕೊನೆಯ ಹೆಸರು. ಯಾರೋ ಹಿಂದಿನಿಂದ, "ಕೂಲಿಗೆ ಸಿಕ್ಕಿದ ಮುಗ್ಗಲು ರಾಗೀನೇ ತಂದು ಹಾಕಿರ್ತಾಳೆ ಬುಡು," ಎಂದರು. ಶಾಂತ ಸುಸ್ತಾಗಿದ್ದಳು, ಸೋತಿದ್ದಳು. "ರಂಗಮ್ಮ, ನಿನ್ನನ್ನ ಯಾರಾದ್ರೂ ಕೇಳಿದ್ರಾ?" ಎಂದಳು, "ಒಳ್ಳೇದು ಇಲ್ದಿದ್ರೆ ಸುಮ್ನಿರಬಾರ್ದಿತ್ತಾ? ಎಲ್ಲಾ ಹಾಳಾಯ್ತು."

ಒಂದು ಹಿಡಿಯಿಂದ ಒಂದು ಡ್ರಮ್ಮು ಕೆಡುತ್ತದೆಯೇ ಎಂದು ಅಲ್ಲಿದ್ದ ಒಬ್ಬರೂ ಕೇಳಲಿಲ್ಲ. ರಂಗಮ್ಮ ಶಾಂತಳನ್ನು ನೋಡಿದಳು, ನನ್ನನ್ನು ನೋಡಿದಳು. ಎಲೆ ಮಡಿಸಿದಳು. ಮಗಳ ಕೈ ಹಿಡಿದು ಎದ್ದು ಹೋದಳು. ಮಾರನೆಯ ದಿನ ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ. ಆ ವಾರವೇ ತಾಯಿ ಮಗಳು ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯಲು ಹೋಗತೊಡಗಿದರೆಂದು ಗೊತ್ತಾಯಿತು. ಗೌರಿಯ ಚೀಲ ಸ್ಕೂಲಿನ ಮೊಳೆಯ ಮೇಲೆ ಹಾಗೇ ನೇತಾಡುತ್ತಿತ್ತು. ನಾಲ್ಕನೇ ಕ್ಲಾಸಿಗೆ ಬಿಡುವುದು ಅಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಲೆ ಆರಿತು ಎಂದೇ ಎಲ್ಲರೂ ಅಂದುಕೊಂಡೆವು. ಆದರೆ ಶಾಂತ ಸೋತು ಕೂರುವವಳಲ್ಲ. ಎರಡೇ ದಿನಕ್ಕೆ ಹೊಸ ಕಟ್ಟಳೆ ತಂದಳು. ಇನ್ನು ಮೇಲೆ ರಾಗಿ ಬೆರೆಸುವುದಿಲ್ಲ. ದಿನಕ್ಕೆ ಒಂದು ಮನೆಯ ಹಿಟ್ಟು. ಅವತ್ತು ಯಾರ ಮನೆಯದೋ ಆ ಮನೆಯವರು ಬಂದು, ಸಾಲಿನಲ್ಲಿ ಕೂತು, ಮೊದಲ ತುತ್ತು ತಾವೇ ಉಣ್ಣಬೇಕು. ಇಂಥ ಮಾತು ಆ ಊರಿನಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಮನೆಯ ಅಂಗಳ ದಾಟಿಸದವರ ಪಕ್ಕ ಕೂತು ಉಣ್ಣುವುದೆಂದರೆ ಎರಡು ದಿನ ಬೀದಿಯಲ್ಲಿ ಬೇರೆ ಮಾತೇ ಇಲ್ಲ.

"ನಾನು ಆ ಸಾಲಿನಾಗೆ ಕೂರ್ಬೇಕಾ?" ಎಂದು ಅತ್ತೆ ಕೇಳಿದರು.

"ಅಟ್ಟದ ಕಾಯಿ ಕೊಟ್ಟೋರು ನೀವೇ ಮೊದ್ಲು. ಇದಕ್ಕೂ ನೀವೇ ಮೊದ್ಲಾಗಿ," ಎಂದಳು ಶಾಂತ.

ಅತ್ತೆ ನಮ್ಮ ಸರದಿಯ ದಿನ ಒಗೆದ ಸೀರೆ ಉಟ್ಟು, ಮದುವೆಗೆ ಹೋಗುವವರ ಹಾಗೆ ಬಂದು, ಸಾಲಿನ ತುದಿಯಲ್ಲಿ ಅರ್ಧ ಮಗ್ಗುಲಾಗಿ ಕೂತರು. ಒಂದು ತುತ್ತು ಉಂಡರು. ಸಾರು ಇನ್ನೊಂದು ಸೌಟು ಹಾಕಿಸಿಕೊಂಡರು. ಪಕ್ಕದಲ್ಲಿದ್ದ ಕೂಲಿ ಹೆಂಗಸಿಗೆ, "ನಮ್ಮ ಕಾಯಿಂದು ಕಣೆ ಈ ರುಚಿ," ಎಂದು ಹೇಳಿದರು. ಇಡೀ ಸಾಲು ನಕ್ಕಿತು. ಬೀದಿಯಲ್ಲಿ ನಿಂತು ನೋಡುತ್ತಿದ್ದ ಗಂಡಸರೂ ನಕ್ಕರು. ಅವತ್ತೇ ಸಂಜೆಗೆ ಸರಿಯಾಗಿ ಮೂಡಲ ದಿಕ್ಕಿನಿಂದ ಮಳೆ ಇಳಿಯಿತು. ತಿಂಗಳುಗಟ್ಟಲೆ ಕಾದ ಮಣ್ಣು ಬುಸ್ಸೆಂದಿತು. ಮಕ್ಕಳು, ಮುದುಕರು, ಶಾಂತ, ಎಲ್ಲರೂ ಬಯಲಲ್ಲಿ ನೆನೆದರು. ಮಾರನೆಯ ದಿನವೇ ಊರಿಗೆ ಊರೇ ಹೊಲಕ್ಕೆ ಬಿದ್ದು ತಡವಾದ ರಾಗಿ ಬಿತ್ತಿತು. ಮಧ್ಯಾಹ್ನ ಹೊಲದಿಂದಲೇ ನೇರ ಬಂದು, ಕಾಲಿನ ಕೆಸರೂ ತೊಳೆಯದೆ ಸಾಲಿನಲ್ಲಿ ಕೂರುತ್ತಿದ್ದರು. ಪೈರು ಹಸಿರಾಗಿ ನಿಂತ ಆ ತಿಂಗಳುಗಳಲ್ಲೇ ಮನೆಗಳಲ್ಲಿ ಹಿಟ್ಟಿಲ್ಲದಿರುವುದು. ಅಷ್ಟೂ ದಿನ ನಮ್ಮ ಒಲೆ ಉರಿಯಿತು. ಒಂದು ದಿನವೂ ನಿಲ್ಲಲಿಲ್ಲ. ಈಗ ಬರೆಯುವಾಗಲೂ ನನಗೆ ಹೆಮ್ಮೆ ಉಕ್ಕುತ್ತದೆ, ಅದಕ್ಕೆ ನಾಚಿಕೆಯೂ ಆಗುತ್ತದೆ. ನನ್ನ ಸರದಿಯಲ್ಲೆಲ್ಲ ನಡುವಿನ ರಾಗಿಯನ್ನೇ ಕೊಟ್ಟೆ, ಕೂತು ಉಂಡೆ. ಸಾಲಿನಲ್ಲಿ ರಂಗಮ್ಮ, ಗೌರಿ ಇಬ್ಬರ ಜಾಗಕ್ಕೆ ಬೇರೆಯವರು ಬಂದಿದ್ದರು.

ಮಾರ್ಗಶಿರದಲ್ಲಿ ಹೊಸ ರಾಗಿ ಬಂತು. ಅಡುಗೆ ಮುಗಿಸುವ ದಿನ ಪಾಯಸ ಮಾಡಿದೆವು. ಶಾಂತ ಎಲ್ಲರ ಮುಂದೆ ನಿಂತು, "ಶುರುವಿನಿಂದ ಕೊನೇವರೆಗೆ ಅಳತೆ ನೋಡದೆ ಕೊಟ್ಟೋಳು ನಮ್ಮಕ್ಕಯ್ಯ. ಕಾಯಿ ಅವಳೇ ಒಡೀಲಿ," ಎಂದಳು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಮೇಷ್ಟರು ಚಪ್ಪಾಳೆ ತಟ್ಟಿದರು, ಮಕ್ಕಳು ತಟ್ಟಿದರು. ಕಾಯಿ ತೆಗೆದುಕೊಂಡು ಒಡೆದೆ.

ಅವತ್ತು ಉಂಡದ್ದು ಮೈಗೆ ಹತ್ತಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಬುಟ್ಟಿಯಲ್ಲಿ ಹೊಸ ರಾಗಿ ತುಂಬಿಕೊಂಡು ರಂಗಮ್ಮನ ಮನೆಗೆ ಹೋದೆ. ಅವಳು ಬಾಗಿಲಲ್ಲಿ ಕೂತು ಬೆರಳಿನ ಸೀಳುಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಕೊಬ್ಬರಿ ಸುಲಿಯುವ ಕೈ ಜಲ್ಲಿ ಒಡೆದು ಗುರುತು ಸಿಗದ ಹಾಗಾಗಿತ್ತು. ಗೌರಿ ಆಗಲೇ ಕೆಲಸಕ್ಕೆ ಹೋಗಿದ್ದಳು.

"ಬರ್ರಿ ಅಮ್ಮಾರೆ," ಎಂದು ಚಾಪೆ ಕೊಡವಿ ಹಾಕಿದಳು.

"ಹೊಸ ರಾಗಿ ಕಣೆ, ಇಟ್ಕೋ," ಎಂದೆ. ಆಮೇಲೆ, "ರಂಗಮ್ಮ, ಅವತ್ತಿನ ರಾಗಿ..." ಎಂದೆ. ಬುಟ್ಟಿಯನ್ನು ಅವಳ ಮುಂದಿಟ್ಟೆ.

"ನಿಮ್ಮನೇದು ಅಂತ ಗೊತ್ತು ಬುಡ್ರಿ."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನಮ್ಮನೇಲಿ ಮುಗ್ಗಲು ಹಿಡಿಯೋಗಂಟ ರಾಗಿ ಉಳೀತದಾ? ಗೌರಿ ಅಪ್ಪ ಬಂದ್ರೆ ಶನಿವಾರ ಅಂಗಡಿಯಿಂದ ತತ್ತಾರೆ, ಬುಧವಾರಕ್ಕೆ ಗಡಿಗೆ ಖಾಲಿ. ಊರಾಗೆ ನಮಗೆ ಕೂಲಿ ಕೊಟ್ಟೋರು ಯಾರೂ ಇರ್ಲಿಲ್ಲ ಆವಾಗ. ಮುಗ್ಗಲು ಬರ್ಬೇಕಾದ್ರೆ ಹಗೇವು ಬೇಕು. ಆ ವಾರ ಹಗೇವು ತೆಗೆದಿದ್ದು ನಿಮ್ಮೊಬ್ರದೇ."

ಇಷ್ಟು ಸುಲಭದ ಲೆಕ್ಕ ಊರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಓದಿದ ಶಾಂತಳಿಗೂ ಹೊಳೆದಿರಲಿಲ್ಲ.

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನಿಮ್ಮತ್ತೆ ಮಾರನೇ ದಿನ ಒಂದು ಕಾಳು ಕೊಡೋರಾ? ನಿಮ್ಮನೆ ನಿಂತ್ರೆ ಇನ್ನೊಂದು ಮನೆ ನಿಲ್ಲೋದು. ನಾನು ಬರ್ದಿದ್ರೆ ಎರಡು ಎಲೆ ಕಮ್ಮಿ ಅಮ್ಮಾರೆ. ನೀವು ಬರ್ದಿದ್ರೆ ಒಲೇನೇ ಇಲ್ಲ. ಅಷ್ಟು ಮಕ್ಕಳು ಉಣ್ತಿದ್ವು."

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಬುಟ್ಟಿಯ ರಾಗಿಯನ್ನು ಗಡಿಗೆಗೆ ಸುರಿದುಕೊಂಡು, ಬುಟ್ಟಿಯನ್ನು ತಟ್ಟಿ ನನ್ನ ಕೈಗಿಟ್ಟಳು.

"ಊರಿಗೆಲ್ಲ ಹೇಳೋದು ಬ್ಯಾಡ. ನಿಮ್ಮತ್ತೆಗೂ ಬ್ಯಾಡ. ನಿಮ್ಮ ತಂಗಿ ಚಿಕ್ಕಮ್ಮಾರಿಗೆ ಒಂದು ಮಾತು ಹೇಳಿ. ದಾರೀಲಿ ಸಿಕ್ಕಿದ್ರೆ ಮಖ ತಿರುಗಿಸ್ಕಂಡು ಹೋಯ್ತಾರೆ. ಅದೊಂದು ನನಗೆ ತಡ್ಯಾಕಾಗಲ್ಲ."

"ಇವತ್ತೇ ಹೇಳ್ತೀನಿ," ಎಂದೆ.

ಮನೆಗೆ ಬಂದಾಗ ಶಾಂತ ಅಂಗಳದಲ್ಲಿ ದೊಡ್ಡ ಪಾತ್ರೆಗಳನ್ನು ಮಗುಚಿ ಹಾಕಿ ಉಜ್ಜುತ್ತಿದ್ದಳು. ಮೊಣಕೈವರೆಗೆ ಬೂದಿ, ಮುಖದ ತುಂಬಾ ನಗು. ಚಿಕ್ಕನಾಯಕನಹಳ್ಳಿ ಕಡೆಯ ಮಂಡಳಿಯೊಂದರಿಂದ ಕಾಗದ ಬಂದಿತ್ತು. ಊರಿನ ಅಡುಗೆ ಹೇಗೆ ನಡೆಸಿದಿರಿ, ಬಂದು ಹೇಳಿಕೊಡಿ ಎಂದು ಕೇಳಿದ್ದರು. "ನೀನೂ ಬರ್ಬೇಕು ಅಕ್ಕಯ್ಯ, ನಿನ್ನ ಹೆಸ್ರೇ ಮೊದ್ಲು ಬರೀತೀನಿ," ಎಂದಳು. ಬರಿ ಬುಟ್ಟಿ ನೋಡಿ ಕೇಳಿದಳು: "ಬೆಳಿಗ್ಗೇನೇ ಎಲ್ಲಿಗೋಗಿದ್ದೆ?"

"ತೋಟಕ್ಕೆ," ಎಂದೆ.

ಆಮೇಲೆ ಹೇಳೋಣ ಎಂದುಕೊಂಡೆ. ಆಮೇಲೆ ಎನ್ನುವುದಕ್ಕೆ ನಲವತ್ತು ವರ್ಷ ದಾಟಿತು. ಶಾಂತ ದಾರಿಯಲ್ಲಿ ರಂಗಮ್ಮನನ್ನು ಕಂಡಾಗಲೆಲ್ಲ ಮುಖ ತಿರುಗಿಸಿಕೊಂಡೇ ಹೋದಳು, ನ್ಯಾಯವಾಗಿಯೇ ಮಾಡುತ್ತಿದ್ದೇನೆಂದು ನಂಬಿಕೊಂಡು. ರಂಗಮ್ಮ ತೀರಿಕೊಂಡ ದಿನವೂ ಅವಳು ಆ ಬೀದಿಗೆ ಹೋಗಲಿಲ್ಲ. ನಾನು ಹೋಗಿದ್ದೆ. ಗೌರಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ ಮಾತು: "ಚಿಕ್ಕಮ್ಮಾರಿಗೆ ಹೇಳಿದ್ರಾ?" ನಾನು ತಲೆ ಅಲ್ಲಾಡಿಸಿದೆ. ಹೌದೆಂದೋ ಇಲ್ಲವೆಂದೋ ಅವಳೇ ಅರ್ಥ ಮಾಡಿಕೊಳ್ಳಲಿ ಎಂಬ ಹಾಗೆ ಅಲ್ಲಾಡಿಸಿದೆ.

ಶಾಂತ ಈಗ ತಿಪಟೂರಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಕಣ್ಣು ಚೆನ್ನಾಗಿದೆ, ಅಚ್ಚಾದದ್ದು ಏನು ಸಿಕ್ಕಿದರೂ ಓದುತ್ತಾಳೆ. ಎದುರಿಗೆ ಕೂತು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ, ಅದಕ್ಕೇ ಇಷ್ಟು ಬರೆದೆ. ಗೌರಿ ಊರಲ್ಲೇ ಇದ್ದಾಳೆ, ಅದೇ ಮನೆಯಲ್ಲಿ.

ಶಾಂತ, ಅವತ್ತು ನಾನು ಹೋಗಿದ್ದು ತೋಟಕ್ಕಲ್ಲ.